ಪ್ರೊ ಆಗಿ ಮೊದಲ ವಿದೇಶಿ ಐರನ್‌ಮ್ಯಾನ್: ಮೂರು ದಿನ ಮುಂಚೆ ತಲುಪಿದರೆ ಸಾಕೇ?

ಈ ವರ್ಷವೇ ಸಿಕ್ಕ ಪ್ರೊ (ವೃತ್ತಿಪರ) ಲೈಸೆನ್ಸ್, ಈಜು, ಸೈಕಲ್, ಓಟ ಮೂರನ್ನೂ ಒಂದೇ ದಿನ ಮುಗಿಸುವ ಐರನ್‌ಮ್ಯಾನ್ ರೇಸ್, ಆರು ಗಂಟೆ ವ್ಯತ್ಯಾಸವಿರುವ ದೇಶ, ಹೋಟೆಲ್ ಖರ್ಚು ಉಳಿಸಲು ಮೂರೇ ದಿನ ಮುಂಚೆ ಪ್ರಯಾಣ. ನಿಮ್ಮ ಪ್ರಶ್ನೆ ಓದಿದಾಗ ನನ್ನದೇ ಹಳೆಯ ಲೆಕ್ಕದ ಪುಸ್ತಕ ತೆರೆದಂತಾಯಿತು. ಭಾನುವಾರದ ರೇಸಿಗೆ ಗುರುವಾರ ರಾತ್ರಿ ಇಳಿದವನು ನಾನು.

ಜೆಟ್‌ಲ್ಯಾಗ್ ಬಗ್ಗೆ ಎಲ್ಲರೂ ಹೆದರಿಸಿದ್ದರು. ಬೆರಳಗಲದ ಪ್ಲಾಸ್ಟಿಕ್ ತುಂಡಿನ ಬಗ್ಗೆ ಯಾರೂ ಹೇಳಿರಲಿಲ್ಲ.

ಹೈಡ್ರಾಲಿಕ್ ಡಿಸ್ಕ್ ಬ್ರೇಕಿನ ಬೈಕಿನಿಂದ, ಅಂದರೆ ರೇಸ್ ಸೈಕಲ್ಲಿನಿಂದ, ಚಕ್ರ ಬಿಚ್ಚಿದಾಗ ಬ್ರೇಕಿನ ಎರಡು ಪ್ಯಾಡುಗಳ ಮಧ್ಯೆ ರೋಟರ್ (ಚಕ್ರದ ಜೊತೆ ತಿರುಗುವ ಲೋಹದ ತಟ್ಟೆ) ಇದ್ದ ಜಾಗ ಖಾಲಿಯಾಗುತ್ತದೆ. ಅಲ್ಲಿಗೆ ಸ್ಪೇಸರ್ ಅನ್ನುವ ಆ ಪ್ಲಾಸ್ಟಿಕ್ ತುಂಡನ್ನು ಸಿಕ್ಕಿಸಬೇಕು. ಸಿಕ್ಕಿಸದೆ ಬ್ರೇಕ್ ಲಿವರ್ ಒತ್ತಿದರೆ ಪ್ಯಾಡುಗಳನ್ನು ತಳ್ಳುವ ಪಿಸ್ಟನ್‌ಗಳು ಹೊರಗೆ ಬಂದು ಪ್ಯಾಡುಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ತಾವಾಗಿ ಹಿಂದೆ ಸರಿಯುವುದಿಲ್ಲ. ನಾನು ಮುಂದಿನದಕ್ಕೆ ಸಿಕ್ಕಿಸಿದೆ, ಹಿಂದಿನದಕ್ಕೆ ಮರೆತೆ. ಬಾಕ್ಸಿನೊಳಗೆ ಪಂಪು ಜಾರಿ ಲಿವರ್ ಮೇಲೆ ಕೂತಿತ್ತು. ಸ್ಪೇಸರ್ ಇದ್ದಿದ್ದರೆ ಆ ಪಂಪಿನ ಜಾಗದಲ್ಲಿ ಆನೆ ಕೂತಿದ್ದರೂ ನಡೆಯುತ್ತಿತ್ತು.

ಶುಕ್ರವಾರ ನೋಂದಣಿ, ಪ್ರೊಗಳ ಬ್ರೀಫಿಂಗ್. ಶನಿವಾರ ಮಧ್ಯಾಹ್ನದೊಳಗೆ ಬೈಕನ್ನು ಟ್ರಾನ್ಸಿಷನ್‌ನಲ್ಲಿ (ಈಜು ಮುಗಿಸಿ ಸೈಕಲ್ ಹತ್ತುವ ಜಾಗ) ನಿಲ್ಲಿಸಬೇಕು. ಮೆಕ್ಯಾನಿಕ್ ಮುಂದೆ ಉದ್ದನೆಯ ಸಾಲು. ಪ್ಯಾಡ್ ತೆಗೆದು, ಪಿಸ್ಟನ್ ಒರೆಸಿ, ಪ್ಲಾಸ್ಟಿಕ್ ಟೈರ್ ಲಿವರಿನಿಂದ ಎರಡನ್ನೂ ಸಮನಾಗಿ, ನಿಧಾನಕ್ಕೆ ಒಳಗೆ ತಳ್ಳಬೇಕಿತ್ತು. ನಾನು ಸ್ಕ್ರೂಡ್ರೈವರ್ ತೂರಿಸಿ ಓರೆಯಾಗಿ ಮೀಟಿದೆ. ಬೈಕ್ ಎತ್ತಿ ಹಿಡಿದು ಚಕ್ರ ತಿರುಗಿಸಿದೆ, ಸರಾಗವಾಗಿ ತಿರುಗಿತು. ಅಷ್ಟಕ್ಕೇ ಸಮಾಧಾನ.

3.8 ಕಿ.ಮೀ. ಈಜು ಚೆನ್ನಾಗಿಯೇ ಆಯಿತು. 180 ಕಿ.ಮೀ. ಸೈಕ್ಲಿಂಗಿನ ಮೊದಲ ಇಳಿಜಾರಿನಲ್ಲಿ ಬ್ರೇಕ್ ಹಿಡಿದೆ, ಒಂದು ಪಿಸ್ಟನ್ ಹೊರಗೇ ಸಿಕ್ಕಿಕೊಂಡಿತು. ಅಲ್ಲಿಂದ ಮುಂದಕ್ಕೆ ಪ್ಯಾಡ್ ರೋಟರಿಗೆ ಉಜ್ಜುತ್ತಲೇ ಇತ್ತು. ಕಿವಿಯಲ್ಲಿ ಗಾಳಿ, ಕೆಳಗೆ ಕಡ್ಡಿಗಳಿಲ್ಲದ ಡಿಸ್ಕ್ ವೀಲಿನ ಮೊರೆತ, ಏನೂ ಕೇಳಿಸಲಿಲ್ಲ. ಪವರ್ ಮೀಟರ್ ನೋಡಿದರೆ ಅಂದುಕೊಂಡಷ್ಟೇ ವ್ಯಾಟ್. ನಾನು ಮೋಸಹೋದದ್ದು ಇಲ್ಲೇ. ನನ್ನ ಮೀಟರ್ ಇದ್ದದ್ದು ಪೆಡಲ್ ಕೂರುವ ಕ್ರ್ಯಾಂಕಿನಲ್ಲಿ. ಕಾಲು ಎಷ್ಟು ಕೊಟ್ಟಿತು ಅನ್ನುವುದನ್ನಷ್ಟೇ ಅದು ಅಳೆಯುತ್ತದೆ, ಅದರಲ್ಲಿ ಹಿಂದಿನ ಬ್ರೇಕ್ ಎಷ್ಟು ತಿಂದಿತು ಅನ್ನುವುದು ಅದಕ್ಕೆ ತಿಳಿಯುವುದೇ ಇಲ್ಲ. ವೇಗ ಮಾತ್ರ ಕಡಿಮೆ. ಎದುರುಗಾಳಿ ಅಂದುಕೊಂಡೆ. ಯೂ ಟರ್ನ್ ಹೊಡೆದ ಮೇಲೂ ಎದುರುಗಾಳಿಯೇ ಅಂದುಕೊಂಡೆ!

ಜೊತೆಯವರು ಕೈತಪ್ಪಿದರು. ನಿಯಮದ ಅಂತರ ಬಿಟ್ಟೇ ಓಡಿಸಿದರೂ ಸಾಲಿನಲ್ಲಿರುವವರಿಗೆ ಒಂದಿಷ್ಟು ಗಾಳಿಯ ಮರೆ ಸಿಗುತ್ತದೆ, ನನಗೆ ಅದೂ ಹೋಯಿತು. ಹಟ ಹಿಡಿದು ಇನ್ನಷ್ಟು ತುಳಿದೆ. ಮ್ಯಾರಥಾನಿನ 28ನೇ ಕಿ.ಮೀ.ಗೆ ನಡೆಯುತ್ತಿದ್ದೆ. ಬಹುಮಾನದ ಹಣ ಮೊದಲ ಕೆಲವರಿಗಷ್ಟೇ, ನನಗೆ ದಕ್ಕಿದ್ದು ಮೆಡಲ್ಲು. ಮರುದಿನ ಬೈಕ್ ಪ್ಯಾಕ್ ಮಾಡುವಾಗ ನೋಡಿದರೆ ಹಿಂದಿನ ಚಕ್ರ ತಳ್ಳಿದರೆ ಅರ್ಧ ಸುತ್ತಿಗೇ ನಿಲ್ಲುತ್ತಿತ್ತು.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ನೀವು ಮೈಗೆ ಮಾತ್ರ ದಿನ ಎಣಿಸುತ್ತಿದ್ದೀರಿ. ಮೈಯ ಲೆಕ್ಕ ಸುಲಭ: ಒಂದು ಗಂಟೆ ವ್ಯತ್ಯಾಸಕ್ಕೆ ಹೆಚ್ಚುಕಡಿಮೆ ಒಂದು ದಿನ, ಪೂರ್ವಕ್ಕೆ ಹಾರಿದರೆ ಇನ್ನೂ ಕಷ್ಟ, ಸೆಕೆಯ ಊರಾದರೆ ಒಗ್ಗಲು 10ರಿಂದ 14 ದಿನ. ಬೈಕಿಗೂ ಇದರೊಳಗೇ ಎರಡು ದಿನ ಮೀಸಲಿಡಿ. ಜೋಡಿಸಿದ ದಿನವೇ ರಸ್ತೆಗಿಳಿಸಿ, ಇಳಿಜಾರಿನಲ್ಲಿ ಹತ್ತಿಪ್ಪತ್ತು ಸಲ ಬ್ರೇಕ್ ಹಿಡಿದು, ಆಮೇಲೆ ಎತ್ತಿ ಚಕ್ರ ತಿರುಗಿಸಿ ನೋಡಿ. ತೊಂದರೆ ಇದ್ದರೆ ಮೆಕ್ಯಾನಿಕ್ ಬಳಿ ಸಾಲು ಬೆಳೆಯುವ ಮುಂಚೆಯೇ ಗೊತ್ತಾಗುತ್ತದೆ. ಅಷ್ಟು ದಿನದ ಹೋಟೆಲ್ ಕೈಗೆಟುಕದಿದ್ದರೆ ಆ ರೇಸನ್ನೇ ಬಿಡಿ, ಸಮಯ ವ್ಯತ್ಯಾಸವಿಲ್ಲದ ಕಡೆ ಓಡಿ. ವರ್ಷಕ್ಕೆ ಮೂರು ಅರೆಬರೆ ಪ್ರಯಾಣಕ್ಕಿಂತ ಒಂದು ಪೂರ್ತಿ ಪ್ರಯಾಣ ಮೇಲು. ಸ್ಪಾನ್ಸರ್ ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ.

ಬೈಕ್ ಬಾಡಿಗೆಗೆ ತೆಗೆದುಕೊಳ್ಳಬಹುದಾ ಅಂತಲೂ ಕೇಳಿದ್ದೀರಿ. ಬೇಡ.

ಕೇಳದಿದ್ದರೂ ಇದೊಂದು ಹೇಳುತ್ತೇನೆ. ಏಜ್ ಗ್ರೂಪಿನಲ್ಲಿ (ಪ್ರೊ ಅಲ್ಲದವರ ವಯೋವರ್ಗ) ನೀರು 24.5 ಡಿಗ್ರಿ ಇರುವವರೆಗೂ ವೆಟ್‌ಸೂಟ್ (ಮೈ ಬೆಚ್ಚಗಿಟ್ಟು ತೇಲಿಸುವ ರಬ್ಬರ್ ಉಡುಪು) ಹಾಕಿ ರೂಢಿಯಾಗಿರುತ್ತದೆ. ಐರನ್‌ಮ್ಯಾನ್ ರೇಸುಗಳಲ್ಲಿ ನೀರು 21.9 ಡಿಗ್ರಿ ದಾಟಿದರೆ ಪ್ರೊಗಳಿಗೆ ವೆಟ್‌ಸೂಟ್ ಇಲ್ಲ. ಅದರ ಬದಲಿಗೆ ಹಾಕುವ ತೆಳು ಈಜುಡುಗೆ, ಸ್ವಿಮ್‌ಸ್ಕಿನ್, ಒಯ್ಯಿರಿ. ಅದು, ಶೂ, ಹೆಲ್ಮೆಟ್ ಮೂರೂ ಕ್ಯಾಬಿನ್ ಬ್ಯಾಗಿನಲ್ಲೇ ಇರಲಿ.

ಸ್ಪೇಸರ್ ಕಳೆದುಹೋಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ರಟ್ಟನ್ನು ರೋಟರಿನಷ್ಟು ದಪ್ಪಕ್ಕೆ ಮಡಚಿ ಪ್ಯಾಡುಗಳ ಮಧ್ಯೆ ತುರುಕಿ. ಎರಡೂ ಬ್ರೇಕಿಗೆ.