ಸ್ವಂತ ಹಾಡಿನಲ್ಲೂ ಮೆಚ್ಚಿನ ಗಾಯಕರ ನೆರಳು

ನೀವೇ ರಚಿಸಿದ ಹಾಡುಗಳೂ ಮೆಚ್ಚಿನ ಗಾಯಕರ ಹಾಡಿನಂತೆ ಕೇಳಿಸುವುದಕ್ಕೆ ಬಹುಶಃ ಅವರ ಶ್ರುತಿಯಲ್ಲೇ, ಅಂದರೆ ಅವರ ಆಧಾರ ಸ್ವರದ ಎತ್ತರದಲ್ಲೇ, ಹಾಡುತ್ತಿರುವುದು ಕಾರಣ. ನಿಮ್ಮ ಧ್ವನಿ ಕೇಳದೆ ಖಚಿತವಾಗಿ ಹೇಳಲಾರೆ. ಮೊದಲು ಕೆಲವು ವಾರ ಅವರನ್ನು ಕೇಳುವುದನ್ನು ನಿಲ್ಲಿಸಿ. ಆಮೇಲೆ ವಾದ್ಯಗಳನ್ನೆಲ್ಲ ಬಿಟ್ಟು ಬರೀ ತಂಬೂರಿಯಂಥ ಶ್ರುತಿನಾದ ಇಟ್ಟುಕೊಂಡು, ಹಾಡನ್ನು ಅರ್ಧರ್ಧ ಸ್ವರ ಏರಿಸಿ, ಇಳಿಸಿ ನೋಡಿ. ಮಾತನಾಡುವಷ್ಟೇ ಸಲೀಸಾಗಿ ದನಿ ಹೊರಡುವ ಶ್ರುತಿ ಸಿಕ್ಕಾಗ ಮೊಬೈಲಿನಲ್ಲಿ ಧ್ವನಿಮುದ್ರಿಸಿ. ಕೇಳುವಾಗ ಉಸಿರು ತೆಗೆದುಕೊಳ್ಳುವ ಜಾಗಗಳನ್ನೂ ಸಾಲಿನ ಕೊನೆಯ ಎಳೆತವನ್ನೂ ಗಮನಿಸಿ. ಅನುಕರಣೆ ಹೆಚ್ಚಾಗಿ ಅಡಗಿರುವುದು ಅಲ್ಲೇ. ಅಂಥ ಸಾಲನ್ನು ರಾಗವಿಲ್ಲದೆ ನಿಮ್ಮ ಮಾತಿನ ಧಾಟಿಯಲ್ಲಿ ಹೇಳಿಕೊಳ್ಳಿ, ಒತ್ತು ತಾನಾಗಿ ಬೀಳುವ ಕಡೆಯೇ ಸ್ವರವನ್ನು ಹಿಡಿದು ನಿಲ್ಲಿಸಿ ಮತ್ತೆ ಹಾಡಿ, ಅದನ್ನೂ ಧ್ವನಿಮುದ್ರಿಸಿ. ಎರಡೂ ಧ್ವನಿಮುದ್ರಣಗಳನ್ನು ನಿಮ್ಮನ್ನು ಬಲ್ಲ ಒಬ್ಬರಿಗೆ ಕೇಳಿಸಿ, ಯಾವುದು ನಿಮ್ಮದೆನಿಸಿತು ಎಂದಷ್ಟೇ ವಿಚಾರಿಸಿ.