ವೇಗ-ಕಾಲ ನಕ್ಷೆಯಲ್ಲಿ ಗೆರೆ ಕೆಳಗಿಳಿದರೆ ವಸ್ತು ಹಿಂದಕ್ಕೆ ಬರುತ್ತಿದೆ ಎಂದರ್ಥವೇ?

ಇಲ್ಲ. ಗೆರೆ ಇಳಿಯುತ್ತಿದ್ದರೂ ಕಾಲದ ಅಕ್ಷಕ್ಕಿಂತ ಮೇಲಿರುವಷ್ಟು ಹೊತ್ತು ವಸ್ತು ಮುಂದಕ್ಕೇ ಹೋಗುತ್ತಿರುತ್ತದೆ, ನಿಧಾನವಾಗುತ್ತಿದೆ ಅಷ್ಟೆ. ಅಕ್ಷ ದಾಟಿ ಕೆಳಗೆ ಹೋದ ಮೇಲೆಯೇ ದಿಕ್ಕು ತಿರುಗುವುದು. ನೀವು ಬಹುಶಃ ಇದನ್ನು ಸ್ಥಾನ-ಕಾಲ ನಕ್ಷೆಯಂತೆ ಓದುತ್ತಿದ್ದೀರಿ; ಅಲ್ಲಿ ಗೆರೆ ಇಳಿದರೆ ವಾಪಸ್ ಬರುತ್ತಿದೆ ಎಂದೇ ಅರ್ಥ. ಹಾಗಾಗಿ ಮೊದಲು ಲಂಬ ಅಕ್ಷದ ಪಕ್ಕ ಏನು ಬರೆದಿದೆ ನೋಡಿ, ಗೆರೆಯ ಆಕಾರ ಆಮೇಲೆ.

ಚೆಂಡೊಂದನ್ನು 20 ಮೀ/ಸೆ ವೇಗದಲ್ಲಿ ನೇರ ಮೇಲಕ್ಕೆ ಎಸೆದಿರಿ ಎನ್ನಿ. ಗುರುತ್ವ ವೇಗೋತ್ಕರ್ಷ (ಭೂಮಿಯ ಸೆಳೆತದಿಂದ ವೇಗ ಬದಲಾಗುವ ದರ) 10 ಮೀ/ಸೆ² ಎಂದು ಹಿಡಿಯೋಣ, ಗಾಳಿಯ ತಡೆ ಲೆಕ್ಕಕ್ಕೆ ಬೇಡ. ಮೇಲಿನ ದಿಕ್ಕು ಧನವಾದರೆ ನಕ್ಷೆ +20ರಿಂದ ಹೊರಟು, 2ನೇ ಸೆಕೆಂಡಿಗೆ ಸೊನ್ನೆ ಮುಟ್ಟಿ, 4ನೇ ಸೆಕೆಂಡಿಗೆ −20 ತಲುಪುವ ಒಂದೇ ನೇರ ಗೆರೆ. ಪರೀಕ್ಷೆಯಲ್ಲಿ ಇದನ್ನು ಇಂಗ್ಲಿಷಿನ ‘ವಿ’ ಅಕ್ಷರದಂತೆ ಬರೆದುಬಿಡುತ್ತಾರೆ. ಅದು ಜವದ ನಕ್ಷೆ, ವೇಗದ್ದಲ್ಲ; ಜವಕ್ಕೆ ದಿಕ್ಕಿಲ್ಲ, ವೇಗಕ್ಕೆ ಇದೆ.

ಗೆರೆಯ ಇಳಿಜಾರೇ ವೇಗೋತ್ಕರ್ಷ, ಅದು ಉದ್ದಕ್ಕೂ −10. ತುತ್ತತುದಿಯಲ್ಲಿ ಚೆಂಡಿನ ವೇಗ ಸೊನ್ನೆಯಾದರೂ ವೇಗೋತ್ಕರ್ಷ ಸೊನ್ನೆಯಲ್ಲ. 2 ಸೆಕೆಂಡ್ ಕಳೆದ ಮೇಲೆ ವೇಗೋತ್ಕರ್ಷ ಋಣವಾಗಿಯೇ ಇದ್ದು ಜವ ಏರುತ್ತಾ ಹೋಗುವುದನ್ನೂ ಗಮನಿಸಿ. ‘ಋಣ ವೇಗೋತ್ಕರ್ಷ ಎಂದರೆ ನಿಧಾನವಾಗುವುದು’ ಎಂಬ ಬಾಯಿಪಾಠ ಇಲ್ಲಿ ಕೈಕೊಡುತ್ತದೆ. ಇನ್ನು ಗೆರೆಗೂ ಕಾಲದ ಅಕ್ಷಕ್ಕೂ ನಡುವಿನ ವಿಸ್ತೀರ್ಣ, ಅದರಿಂದ ದೂರ ಸಿಗುತ್ತದೆ: ಅಕ್ಷದ ಮೇಲಿನ ತ್ರಿಭುಜ ½ × 2 × 20 = 20 ಮೀ, ಕೆಳಗಿನದು −20 ಮೀ. ಚಿಹ್ನೆ ಸಮೇತ ಕೂಡಿಸಿದರೆ ಸ್ಥಾನಪಲ್ಲಟ (ಹೊರಟ ಜಾಗದಿಂದ ಕೊನೆಯ ಜಾಗಕ್ಕಿರುವ ನೇರ ಅಂತರ) 0. ಚಿಹ್ನೆ ಬಿಟ್ಟು ಕೂಡಿಸಿದರೆ ಕ್ರಮಿಸಿದ ದೂರ 40 ಮೀ.

ಅಂಕ ಹೋಗುವುದು ಹೆಚ್ಚಾಗಿ ಗೆರೆ ಸೊನ್ನೆಯಿಂದ ಶುರುವಾಗದಿದ್ದಾಗ. 5 ಸೆಕೆಂಡಿನಲ್ಲಿ ವೇಗ 10ರಿಂದ 20 ಮೀ/ಸೆಗೆ ಏರಿದರೆ ವೇಗೋತ್ಕರ್ಷ (20 − 10) ÷ 5 = 2 ಮೀ/ಸೆ². ಕೊನೆಯ ವೇಗವನ್ನಷ್ಟೇ ಕಾಲದಿಂದ ಭಾಗಿಸಿ 4 ಎಂದು ಬರೆಯುವವರಿದ್ದಾರೆ. ದೂರ ಕಂಡುಹಿಡಿಯುವಾಗಲೂ ಅಷ್ಟೆ, ಮೇಲಿನ ತ್ರಿಭುಜದ 25 ಮೀಟರಿಗೆ ನಿಲ್ಲಬೇಡಿ. ಅದರ ಕೆಳಗೆ 10 × 5 = 50 ಮೀಟರಿನ ಆಯತವೂ ಇದೆ, ಒಟ್ಟು 75.

ವೇಗ ಕಿಮೀ/ಗಂಟೆಯಲ್ಲೂ ಕಾಲ ಸೆಕೆಂಡಿನಲ್ಲೂ ಕೊಟ್ಟಿದ್ದರೆ ವಿಸ್ತೀರ್ಣ ತೆಗೆಯುವ ಮೊದಲೇ ವೇಗವನ್ನು 3.6ರಿಂದ ಭಾಗಿಸಿ, 72 ಕಿಮೀ/ಗಂಟೆ ಎಂದರೆ 20 ಮೀ/ಸೆ. ಇಳಿಜಾರಿಗೆ ಕೋನಮಾಪಕ ಇಟ್ಟು ಅಳೆಯಬೇಡಿ. ಅಕ್ಷದ ಅಳತೆ ಬದಲಿಸಿದರೆ ಅದೇ ಚಲನೆಯ ಗೆರೆಗೆ ಬೇರೆಯೇ ಕೋನ ಬರುತ್ತದೆ. ಗೆರೆಯ ಮೇಲೆ ದೂರದೂರದ ಎರಡು ಬಿಂದು ಆರಿಸಿ, ಬೆಲೆಗಳನ್ನು ಅಕ್ಷದಿಂದಲೇ ಓದಿಕೊಳ್ಳಿ.