80 ಸಾವಿರದ ಕೋಬಿ ಜೆರ್ಸಿ: ದುಡ್ಡು ಹಾಕೋ ಮೊದಲು ಇದನ್ನ ಓದಪ್ಪ

ಶಿರಾದ ತಮ್ಮ, ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್‌ದು ಅಂತ ನೀನು ಹಾಕಿರೋ ಜೆರ್ಸಿ ಫೋಟೋಗಳನ್ನೆಲ್ಲ ದೊಡ್ಡದು ಮಾಡ್ಕೊಂಡು ನೋಡಿದೆ. "ಕೋಬಿ ಬ್ರಯಂಟ್ ಪಂದ್ಯದಲ್ಲೇ ಹಾಕಿದ್ದ ಲೇಕರ್ಸ್ ಜೆರ್ಸಿ, 2005-06ರದ್ದು, ಸರ್ಟಿಫಿಕೇಟ್ ಇದೆ, ಹೊರದೇಶದವನು 80 ಸಾವಿರಕ್ಕೆ ಕೊಡ್ತಾನಂತೆ, ತಗೊಳ್ಲಾ" ಅಂತ ಕೇಳಿದ್ದೀಯ. ಬೇಡ ಕಣಪ್ಪ. ಅಡ್ವಾನ್ಸೂ ಕಳಿಸಬೇಡ.

ಮೊದಲು ನಂಬರು ನೋಡು. ಜೆರ್ಸಿ ಮೇಲಿರೋದು 24. ಕೋಬಿ 1996ರಲ್ಲಿ ಎನ್‌ಬಿಎ ಲೀಗಿನ ಲೇಕರ್ಸ್ ಟೀಮಿಗೆ ಬಂದಾಗಿಂದ 2005-06 ಮುಗಿಯೋವರೆಗೂ ಹಾಕಿದ್ದು 8. 2006ರ ಜನವರಿ 22ಕ್ಕೆ ಟೊರೊಂಟೊ ಮೇಲೆ 81 ಪಾಯಿಂಟ್ ಹೊಡೆದ ವಿಡಿಯೋ ನೀನೂ ಎಷ್ಟು ಸಲ ನೋಡಿರ್ತೀಯೋ, ಇನ್ನೊಂದು ಸಲ ಬೆನ್ನು ನೋಡು. 24 ಬಂದಿದ್ದು 2006-07ರಿಂದ. ಇನ್ನು ಕೆಳಗಂಚಿನ ಲೇಬಲ್ಲು ರೀಬಾಕ್‌ದು. 24 ಬಂದ ಸೀಸನ್ನಿಂದಲೇ ಲೀಗಿಗೆ ಬಟ್ಟೆ ಕೊಡೋದು ಅಡಿಡಾಸ್ ಪಾಲಾಯ್ತು, 2016-17ರವರೆಗೆ ಅವರದ್ದೇ. ಆಮೇಲೆ ನೈಕಿ ಬಂತು, ಎದೆ ಮೇಲೆ ಕಂಪನಿ ಗುರುತು ಕಾಣಿಸ್ಕೊಂಡಿದ್ದು ಅವರ ಕಾಲದಲ್ಲೇ. ಹಾಗಾಗಿ ನಿನ್ನ ಫೋಟೋದಲ್ಲಿರೋ ನಂಬರಿಗೂ ಲೇಬಲ್ಲಿಗೂ ಕೂಡಿಬರೋದೇ ಇಲ್ಲ. ಯಾವ ಜೆರ್ಸಿ ನೋಡಿದ್ರೂ ವರ್ಷ, ನಂಬರು, ಲೇಬಲ್ಲು ಮೂರೂ ತಾಳೆ ಆಗ್ತಾವಾ ಅಂತ ಮೊದಲು ನೋಡು. ಐದು ನಿಮಿಷದ ಕೆಲಸ, ಅರ್ಧಕ್ಕರ್ಧ ಸುಳ್ಳು ಅಲ್ಲೇ ಸಿಕ್ಕಿಬೀಳುತ್ತೆ.

ಹೆಸರುಗಳನ್ನೂ ತಿಳ್ಕೋ. ಆಟಗಾರ ನಿಜವಾಗ್ಲೂ ಹಾಕ್ಕೊಂಡು ಆಡಿದ್ದು ಗೇಮ್ ವೋರ್ನ್. ಅವನಿಗೇ ಅಂತ ಹೊಲಿಸಿ, ಮೈಮೇಲೆ ಬೀಳದೆ ಉಳಿದಿದ್ದು ಗೇಮ್ ಇಶ್ಯೂಡ್. ಅದೇ ಅಳತೆ, ಅದೇ ಬಟ್ಟೆ, ಆದ್ರೆ ಆಟಗಾರನಿಗೂ ಅದಕ್ಕೂ ಸಂಬಂಧ ಇಲ್ಲ ಅನ್ನೋದು ಪ್ರೊ ಕಟ್. ಅಂಗಡೀಲಿ ನಮಗೆ ಸಿಗೋದು ಸ್ವಿಂಗ್‌ಮನ್. ಮೋಸ ಜಾಸ್ತಿ ಆಗೋದು ಪ್ರೊ ಕಟ್‌ನಲ್ಲಿ. ಬಟ್ಟೆ ಅಸಲಿಯೇ ಇರುತ್ತೆ, ಕಥೆ ಮಾತ್ರ ಕಟ್ಟಿದ್ದು.

ಸರ್ಟಿಫಿಕೇಟ್ ವಿಚಾರ. ನಿನಗೆ ತೋರಿಸಿರೋದಕ್ಕೆ ಸಹಿ ಹಾಕಿರೋನು ಮಾರೋನೇ. ಅದು ಬರೀ ಕಾಗದ. ಇವತ್ತು ದೊಡ್ಡ ಬೆಲೆ ಬರೋದು ಫೋಟೋಮ್ಯಾಚ್‌ಗೆ, ಅಂದ್ರೆ ಇಂಥ ತಾರೀಖಿನ ಪಂದ್ಯದ ಫೋಟೋದಲ್ಲಿ ಇರೋದು ಇದೇ ಬಟ್ಟೆ ಅಂತ ತೋರಿಸೋದಕ್ಕೆ. ಮೇಗ್ರೇ, ರೆಸಲ್ಯೂಶನ್ ಥರದ ಕಂಪನಿಯವರು ಇದನ್ನೇ ಕಸುಬು ಮಾಡ್ಕೊಂಡಿದ್ದಾರೆ.

ಅದು ಹೇಗೆ ಸಾಧ್ಯ ಅಂತ ಅನ್ನಿಸಬಹುದು. ನಾನು ಇಪ್ಪತ್ತು ವರ್ಷದಿಂದ ತುಮಕೂರಲ್ಲಿ ಶಾಲೆ, ಕಾಲೇಜು ಟೀಮುಗಳಿಗೆ ಯೂನಿಫಾರಂ ಹೊಲೀತಿದ್ದೀನಿ, ಹೊಲಿಗೆಯವನ ಕಣ್ಣಲ್ಲಿ ಹೇಳ್ತೀನಿ ಕೇಳು. ಜೆರ್ಸಿ ಬಟ್ಟೇಲಿ ಸಣ್ಣ ಸಣ್ಣ ತೂತು ಇರ್ತವಲ್ಲ, ಅದರ ಮೇಲೆ ನಂಬರಿನ ತುಂಡು ಇಟ್ಟು ಅಂಚಿಗೆ ಜಿಗ್‌ಜ್ಯಾಗ್ ಹೊಡೀತೀವಿ. ಒಂದೇ ದಿನ, ಒಂದೇ ಮಿಷನ್‌ನಲ್ಲಿ, ಒಂದೇ ಕೈಯಿಂದ ಹನ್ನೆರಡು ಜೆರ್ಸಿಗೆ 7 ಹೊಲಿದ್ರೂ ಆ 7ರ ಮೂಲೆ ಹನ್ನೆರಡರಲ್ಲೂ ಒಂದೇ ತೂತಿನ ಮೇಲೆ ಕೂರಲ್ಲ. ಒಂದರಲ್ಲಿ ಅಂಚು ತೂತನ್ನ ಅರ್ಧ ಮುಚ್ಚುತ್ತೆ, ಇನ್ನೊಂದರಲ್ಲಿ ಪೂರ್ತಿ ಬಿಡುತ್ತೆ. ನಾನು ಭೂತಗನ್ನಡಿ ಹಿಡಿದು ಎಣಿಸಿ ನೋಡಿದ್ದೀನಿ. ಬೆರಳಚ್ಚು ಇದ್ದ ಹಾಗೆ ಅದು. ಮೇಲಿಂದ ಒಂದು ದಾರ ಎದ್ದಿರೋದು, ತೊಳೆದೂ ತೊಳೆದೂ ನಂಬರಿನ ಸುತ್ತ ಬಟ್ಟೆ ಸುಕ್ಕುಗಟ್ಟಿರೋದು, ಇವೂ ಫೋಟೋದಲ್ಲಿ ಸಿಗ್ತವೆ.

ಈ ಹೊಂದಾಣಿಕೆ ಸಿಕ್ಕಿದ್ರೆ ಬೆಲೆ ಎಲ್ಲಿಗೆ ಹೋಗುತ್ತೆ ನೋಡು. ಮೈಕಲ್ ಜೋರ್ಡನ್ 1998ರ ಫೈನಲ್ಸ್‌ನ ಮೊದಲನೇ ಪಂದ್ಯಕ್ಕೆ ಹಾಕಿದ್ದ ಕೆಂಪು ಜೆರ್ಸಿ 2022ರಲ್ಲಿ ಸದಬೀಸ್ ಹರಾಜಿನಲ್ಲಿ 1 ಕೋಟಿ ಡಾಲರ್ ದಾಟಿತು. ಆ ಪಂದ್ಯ ಅವನ ಟೀಮು ಬುಲ್ಸ್ ಸೋತಿದ್ದು, ಗೊತ್ತಾ! ಕೋಬಿಯ 2007-08ರ ಜೆರ್ಸಿ, 25 ಪಂದ್ಯಗಳ ಫೋಟೋಗೆ ತಾಳೆ ಆಗಿದ್ದು, 2023ರಲ್ಲಿ 58 ಲಕ್ಷ ಡಾಲರ್‌ಗೆ ಹೋಯ್ತು. ಅಂಥ ವಸ್ತು 80 ಸಾವಿರ ರೂಪಾಯಿಗೆ ನಿನ್ನ ಫೋನಿಗೆ ಹುಡುಕ್ಕೊಂಡು ಬರಲ್ಲ.

ಬೆವರಿನ ಕಲೆ, ಸವೆತ ನೋಡಿ ನಂಬಬೇಡ. ನಾನು ಹಾಗೇ ನಂಬಿ ಒಬ್ಬನ ಹತ್ರ 22 ಸಾವಿರ ಕಳ್ಕೊಂಡೆ. ಮನೆಗೆ ಬಂದ್ಮೇಲೆ ಒಳಮಗ್ಗುಲು ತಿರುಗಿಸಿ ನೋಡಿದ್ರೆ, ಹೊರಗಡೆ ಎಲ್ಲಾ ಕಡೆ ಒಂದೇ ಸಮ ಉಜ್ಜಿದ ಹಾಗಿದೆ, ಒಳಗಡೆ ಹೊಲಿಗೆ ದಾರ ಹೊಸದರ ಥರ ಹೊಳೀತಿದೆ. ನಿಜವಾಗಿ ಆಡಿದ್ದಾದ್ರೆ ಸವೆಯೋದು ಕಂಕುಳು, ಪಕ್ಕೆ, ಶಾರ್ಟ್ಸ್ ಒಳಗೆ ಸಿಕ್ಕಿಸಿದ ಕೆಳಭಾಗ. ಆವತ್ತು ರಾತ್ರಿ ನಿದ್ದೆ ಬರಲಿಲ್ಲ ನನಗೆ. ನಿನಗೆ ಹಾಗಾಗೋದು ಬೇಡ.

ಇನ್ನೊಂದು, ಹೊರಗಡೆಯಿಂದ ತರಿಸೋದಾದ್ರೆ ಕಸ್ಟಮ್ಸ್ ಸುಂಕ, ಜಿಎಸ್‌ಟಿ ಬೀಳುತ್ತೆ. ಅದರ ಮೇಲೆ, ಬಳಸಿದ ಬಟ್ಟೆಯ ಆಮದಿಗೆ ನಮ್ಮಲ್ಲಿ ನಿರ್ಬಂಧ ಇದೆ. ಕೊರಿಯರ್‌ನವರನ್ನ ಮೊದಲೇ ವಿಚಾರಿಸಿ, ಬರವಣಿಗೇಲಿ ಉತ್ತರ ತಗೊಂಡೇ ಮುಂದುವರಿ.

ನನ್ನ ಕೇಳಿದ್ರೆ ಆ 80 ಸಾವಿರ ಹಾಗೇ ಇಟ್ಕೋ, ನಮ್ಮ ಕಡೆಯ ಆಟಗಾರರ ಜೆರ್ಸಿಯಿಂದ ಶುರು ಮಾಡು. ರಾಜ್ಯಕ್ಕೆ, ರೈಲ್ವೇಸ್‌ಗೆ, ಪೊಲೀಸ್ ಟೀಮಿಗೆ ಆಡಿದ ಎಷ್ಟೋ ಜನರ ಜೆರ್ಸಿ ಟ್ರಂಕಿನ ತಳದಲ್ಲಿ ಬಿದ್ದಿದೆ. ಹೋಗಿ ಮಾತಾಡ್ಸು. ಕೊಟ್ರೆ ಅವರ ಕೈಯಲ್ಲೇ ಹಿಡಿಸಿ ಒಂದು ಫೋಟೋ ತೆಗಿ, ಯಾವ ಟೂರ್ನಮೆಂಟು, ಯಾವ ವರ್ಷ ಅಂತ ಬರೆಸ್ಕೊಂಡು ಸಹಿ ಹಾಕಿಸ್ಕೋ, ಹಳೇ ಪಂದ್ಯದ ಫೋಟೋ ಇದ್ರೆ ಕಾಪಿ ಕೇಳು. ನನ್ನ ಹತ್ರ ರಾಜ್ಯಕ್ಕೆ ಆಡಿದ ಒಬ್ಬ ಅಕ್ಕನ ಜೆರ್ಸಿ ಇದೆ. ಎಡ ಭುಜದ ಹತ್ರ ಹರಿದಿದ್ದನ್ನ ಬೇರೆ ಬಣ್ಣದ ದಾರದಲ್ಲಿ ಅವರೇ ಹೊಲಿದಿದ್ದಾರೆ. ಅವರ ಆಲ್ಬಮ್ಮಿನ ಫೋಟೋದಲ್ಲೂ ಆ ಹೊಲಿಗೆ ಕಾಣುತ್ತೆ. ನನ್ನ ಬೀರುವಿನಲ್ಲಿರೋದರಲ್ಲೆಲ್ಲ ನನಗೆ ಪ್ರೀತಿ ಜಾಸ್ತಿ ಅದರ ಮೇಲೆ.

ಸಿಕ್ಕಿದ್ದನ್ನ ತೊಳೀಬೇಡ, ಇಸ್ತ್ರಿ ಮಾಡಬೇಡ. ಹ್ಯಾಂಗರ್‌ಗೆ ಹಾಕಿದ್ರೆ ಭುಜ ಜೋತುಬೀಳುತ್ತೆ. ಒಗೆದ ಬಿಳಿ ಪಂಚೇಲಿ ಸುತ್ತಿ ಮಟ್ಟಸವಾಗಿ ಮಲಗಿಸು. ನ್ಯೂಸ್ ಪೇಪರ್ ಬೇಡ, ಶಾಯಿ ಅಂಟುತ್ತೆ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ರೆ ಮಳೆಗಾಲದಲ್ಲಿ ಬೂಷ್ಟು ಬರುತ್ತೆ.

ತುಮಕೂರಿಗೆ ಬಂದ್ರೆ ಅಂಗಡಿಗೆ ಬಾ. ಅಸಲಿ, ನಕಲಿ ಎರಡನ್ನೂ ಪಕ್ಕಪಕ್ಕ ಹಾಸಿ ಭೂತಗನ್ನಡಿ ಕೈಗೆ ಕೊಡ್ತೀನಿ.